ತಲೆ ಎಣಿಸುವ ಜಾಗ ಯಾವುದು? ಹುಬ್ಬಳ್ಳಿ ಶಾಸಕರೊಬ್ಬರ ಹಳೇ ತಕರಾರು

ಅತಂತ್ರ ಫಲಿತಾಂಶ ಬಂದ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತ ನಿಂತವರ ಬಾಯಲ್ಲಿ ಒಂದೇ ಮಾತು: ‘ನೂರಾ ಹದಿಮೂರು ಎಲ್ಲಿಂದ ತರ್ತಾರಪಾ?’ 224 ಸ್ಥಾನಗಳ ವಿಧಾನಸಭೆಯಲ್ಲಿ ಅದು ಬಹುಮತದ ಗೆರೆ. ಆದರೆ ಅಷ್ಟು ಮಂದಿ ಸ್ವಂತದವರಿಲ್ಲದೆಯೂ ಇಲ್ಲಿ ಸರ್ಕಾರ ನಡೆದಿದೆ.

1983ರಲ್ಲಿ ಜನತಾ ಪಕ್ಷ 95, ಕಾಂಗ್ರೆಸ್ 82, ಬಿಜೆಪಿ 18. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಬಿಜೆಪಿ ಮತ್ತು ಎಡಪಕ್ಷಗಳು ಸಂಪುಟ ಸೇರದೆ ಹೊರಗಿನಿಂದ ಕೈಹಿಡಿದವು. ಇವರಿಬ್ಬರೂ ಹೆಗಡೆಯವರನ್ನು ಮೆಚ್ಚಬೇಕೆಂದೇನೂ ಇರಲಿಲ್ಲ; ವಿಶ್ವಾಸಮತಕ್ಕೆ, ಬಜೆಟ್‌ಗೆ ಕಾಂಗ್ರೆಸ್ ಜೊತೆ ಸೇರಿ ವಿರುದ್ಧ ಕೈ ಎತ್ತದಿದ್ದರೆ ಸಾಕಿತ್ತು. ಅಲ್ಪಮತದ ಸರ್ಕಾರದ ಗುಟ್ಟು ಇಷ್ಟೇ: ವಿರೋಧಿಗಳು ಒಂದಾಗಬಾರದು. ಲೋಕಾಯುಕ್ತ ಕಾಯ್ದೆ ಬಂದದ್ದು ಆ ಎರಡು ವರ್ಷಗಳಲ್ಲೇ. 1985ರಲ್ಲಿ ಹೆಗಡೆ ಮತ್ತೆ ಜನರ ಮುಂದೆ ಹೋಗಿ 139 ಸ್ಥಾನ ತಂದರು.

ಕಥೆ ನಮ್ಮೂರಿಗೆ ಬರುವುದು ಆಮೇಲೆ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ ಎಸ್.ಆರ್. ಬೊಮ್ಮಾಯಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು. ಎಂಟು ತಿಂಗಳಾಗಿತ್ತಷ್ಟೆ, 19 ಶಾಸಕರು ಬೆಂಬಲ ಹಿಂಪಡೆದ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಅವರಲ್ಲಿ ಏಳು ಮಂದಿ, ನಮ್ಮನ್ನು ತಪ್ಪುದಾರಿಗೆಳೆದು ಸಹಿ ಹಾಕಿಸಿಕೊಂಡರು ಎಂದು ತಿರುಗಿ ಬರೆದರು. ಸದನ ಕರೆಯಿರಿ, ಅಲ್ಲೇ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ಸದನ ಸೇರಲಿಲ್ಲ; 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಪತ್ರ ಎಣಿಸಿ ಸರ್ಕಾರ ಕಳೆದರು, ನನ್ನ ಕೇಳಿದರೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಅಷ್ಟರಲ್ಲಿ ನಡುವೆ ಚುನಾವಣೆಯಾಗಿ ಕಾಂಗ್ರೆಸ್ 178 ಸ್ಥಾನ ಗೆದ್ದು ಕೂತಿತ್ತು. ಬೊಮ್ಮಾಯಿ ಕೇಸು ಗೆದ್ದರು, ಕುರ್ಚಿ ಬರಲಿಲ್ಲ.

2018ರಲ್ಲಿ ಅದೇ ತೀರ್ಪು ಕೆಲಸಕ್ಕೆ ಬಂತು. 104 ಸ್ಥಾನಗಳ ಬಿಜೆಪಿಗೆ ರಾಜ್ಯಪಾಲರು ಕೊಟ್ಟಿದ್ದು 15 ದಿನ. ಕೋರ್ಟು ಅದನ್ನು ಮೊಟಕುಗೊಳಿಸಿ ಮೇ 19ಕ್ಕೇ ಬಲಾಬಲ ತೋರಿಸಿ ಎಂದಿತು; ಯಡಿಯೂರಪ್ಪ ಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟರು.

ಆದರೆ ಸದನದಲ್ಲೇ ಎಣಿಸಬೇಕು ಎಂದ ಮೇಲೆ, ಎಣಿಕೆಗೆ ಸಿಗುವ ತಲೆಗಳನ್ನೇ ಕಡಿಮೆ ಮಾಡುವ ಉಪಾಯ ಹುಟ್ಟಿತು. 2019ರ ಜುಲೈ 23ರಂದು ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99–105ರಿಂದ ಸೋತರು. ಬಂಡೆದ್ದ 17 ಮಂದಿಯನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಸದನ 207ಕ್ಕಿಳಿಯಿತು, ಬಹುಮತ 104 ಆಯಿತು, ಅಷ್ಟರಲ್ಲಿ ಉಪಚುನಾವಣೆಯೊಂದರಿಂದ 105ಕ್ಕೇರಿದ್ದ ಬಿಜೆಪಿ, ಈ ಹೊತ್ತಿಗೆ ಒಂದೂ ಸ್ಥಾನ ಹೊಸದಾಗಿ ಗೆಲ್ಲದೆ ದಡ ಸೇರಿತು.

ಆ 17ರಲ್ಲಿ ಇಬ್ಬರು ಹಾವೇರಿ ಜಿಲ್ಲೆಯವರು: ಹಿರೇಕೆರೂರಿನ ಬಿ.ಸಿ. ಪಾಟೀಲ್, ರಾಣೆಬೆನ್ನೂರಿನ ಆರ್. ಶಂಕರ್. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಪಾಟೀಲ್ ಬಿಜೆಪಿಯಿಂದ ಮತ್ತೆ ಗೆದ್ದು ಬಂದರು. ರಾಣೆಬೆನ್ನೂರಿನಲ್ಲೂ ಬಿಜೆಪಿಯೇ ಗೆದ್ದಿತು, ಶಂಕರ್ ಮಾತ್ರ ಕಣದಲ್ಲೇ ಇರಲಿಲ್ಲ.