ಸ್ತನ ಕ್ಯಾನ್ಸರ್: ಬಯೋಮಾರ್ಕರ್ ವರದಿಯನ್ನು ಓದುವ ಬಗೆ

ಗಡ್ಡೆಯ ಗಾತ್ರ ಹಾಗೂ ಕಂಕುಳಿನ ದುಗ್ಧಗ್ರಂಥಿಗಳ ಸ್ಥಿತಿಯಿಂದ ರೋಗ ಎಷ್ಟು ಹರಡಿದೆ ಎಂಬುದು ತಿಳಿಯುತ್ತದೆಯೇ ಹೊರತು, ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಪ್ರಶ್ನೆಗಾಗಿಯೇ ಬಯಾಪ್ಸಿಯ ತುಣುಕಿನಲ್ಲಿ ಇಆರ್ (ಈಸ್ಟ್ರೊಜೆನ್ ಗ್ರಾಹಕ), ಪಿಆರ್ (ಪ್ರೊಜೆಸ್ಟರೋನ್ ಗ್ರಾಹಕ), ಹರ್-2 (ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಗ್ರಾಹಕ) ಎಂಬ ಮೂರು ಗ್ರಾಹಕ ಪ್ರೋಟೀನ್‌ಗಳನ್ನು ಹುಡುಕುತ್ತಾರೆ; ವರದಿಯ ಬಯೋಮಾರ್ಕರ್‌ಗಳು, ಅಂದರೆ ರೋಗದ ಸ್ವಭಾವ ತಿಳಿಸುವ ಗುರುತುಗಳು, ಇವೇ.

1896ರಲ್ಲಿ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯಗಳನ್ನು ತೆಗೆದಾಗ ಕೆಲವರ ಸ್ತನದ ಗಡ್ಡೆ ಕುಗ್ಗುವುದನ್ನು ವರದಿ ಮಾಡಿದರು. ಕೆಲವರಲ್ಲಿ ಮಾತ್ರ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ, ಈಸ್ಟ್ರೊಜೆನ್ ಗ್ರಾಹಕ ಪತ್ತೆಯಾದ ಮೇಲೆ. ಇಂದು ಗ್ರಾಹಕವನ್ನು ಬಣ್ಣದಿಂದ ತೋರಿಸುವ ಪರೀಕ್ಷೆಯಲ್ಲಿ ಗಡ್ಡೆಯ ಶೇ. 1ರಷ್ಟು ಜೀವಕೋಶಗಳ ಕೇಂದ್ರಗಳು ಬಣ್ಣ ಹಿಡಿದರೂ ಇಆರ್ ಪಾಸಿಟಿವ್ ಎನ್ನುತ್ತಾರೆ. ಅಂಥವರಿಗೆ ಗ್ರಾಹಕವನ್ನೇ ತಡೆಯುವ ಟಾಮಾಕ್ಸಿಫೆನ್, ಋತುಬಂಧವಾದವರಿಗೆ ಈಸ್ಟ್ರೊಜೆನ್ ಉತ್ಪತ್ತಿಯನ್ನು ತಗ್ಗಿಸುವ ಲೆಟ್ರೊಜೋಲ್‌ನಂಥ ಮಾತ್ರೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ನಡೆಯುತ್ತದೆ. ಆದರೆ ಶೇ. 1ರಿಂದ 10ರ ನಡುವಿನ ಗಡ್ಡೆಗಳಲ್ಲಿ ಹಲವು ಟ್ರಿಪಲ್ ನೆಗೆಟಿವ್ (ಮೂರೂ ಗ್ರಾಹಕಗಳಿಗೆ ನೆಗೆಟಿವ್ ಆದ) ರೋಗದಂತೆಯೇ ವರ್ತಿಸುವುದರಿಂದ, ‘ಪಾಸಿಟಿವ್’ ಎಂಬ ಪದಕ್ಕಿಂತ ಅದರ ಪಕ್ಕದ ಅಂಕಿಯನ್ನು ಮೊದಲು ನೋಡುವುದು ಲೇಸು.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಹರ್-2ರಲ್ಲಿ. 17ನೇ ವರ್ಣತಂತುವಿನ ಮೇಲಿರುವ ಈ ಜೀನ್‌ನ ಪ್ರತಿಗಳು ಹೆಚ್ಚಾದರೆ ಕೋಶದ ಹೊರಪೊರೆಯಲ್ಲಿ ಪ್ರೋಟೀನ್ ದಟ್ಟವಾಗುತ್ತದೆ. ದಟ್ಟತೆಗೆ 0ಯಿಂದ 3+ವರೆಗೆ ಅಂಕ ಕೊಡುವ ಬಣ್ಣದ ಪರೀಕ್ಷೆಯಲ್ಲಿ 3+ ಬಂದರೆ ಪಾಸಿಟಿವ್. 2+ ಬಂದರೆ ತೀರ್ಮಾನವಿಲ್ಲ, ಜೀನ್‌ಗೆ ಹೊಳೆಯುವ ಗುರುತು ಅಂಟಿಸುವ ಫಿಶ್ ಪರೀಕ್ಷೆಯಿಂದ ಅದರ ಪ್ರತಿಗಳನ್ನು ಎಣಿಸಲೇಬೇಕು. ಪಾಸಿಟಿವ್ ಆದವರಿಗೆ ಅಮೆರಿಕದಲ್ಲಿ 1998ರಲ್ಲಿ ಅನುಮೋದನೆ ಪಡೆದ ಟ್ರಾಸ್ಟುಜುಮ್ಯಾಬ್ (ಹರ್-2ಕ್ಕೆ ಅಂಟುವ ಪ್ರತಿಕಾಯ) ರೋಗದ ಗತಿಯನ್ನೇ ಬದಲಿಸಿತು; ಹೃದಯದ ಮೇಲೆ ಅದರ ಪರಿಣಾಮವಿರುವುದರಿಂದ ಚಿಕಿತ್ಸೆಯುದ್ದಕ್ಕೂ ಎಕೋ (ಹೃದಯದ ಅಲ್ಟ್ರಾಸೌಂಡ್) ತಪಾಸಣೆ ಬೇಕು. ಹಿಂದೆ ನೆಗೆಟಿವ್ ಎಂದು ಬದಿಗಿಡುತ್ತಿದ್ದ 1+, ಹಾಗೂ ಫಿಶ್ ನೆಗೆಟಿವ್ ಆದ 2+ ಗಡ್ಡೆಗಳು ಈಗ ‘ಹರ್-2 ಲೋ’ ಎನಿಸಿಕೊಂಡಿವೆ. ಪ್ರತಿಕಾಯಕ್ಕೆ ಕಿಮೊ ಔಷಧವನ್ನು ಕಟ್ಟಿ ಕಳುಹಿಸುವ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕ್ಯಾನ್, ದೂರದ ಅಂಗಗಳಿಗೆ ಹರಡಿದ ಇಂಥ ರೋಗದಲ್ಲೂ ಆಯುಷ್ಯವನ್ನು ಹೆಚ್ಚಿಸುತ್ತದೆಂದು 2022ರಲ್ಲಿ ಸಾಬೀತಾಯಿತು.

ಇಷ್ಟೆಲ್ಲ ನಿಂತಿರುವುದು ತುಣುಕು ಕೆಡದಂತೆ ಕಾಪಾಡುವ ದ್ರವವಾದ ಒಂದು ಡಬ್ಬಿ ಫಾರ್ಮಲಿನ್ ಮೇಲೆ ಎಂಬುದನ್ನು ಪಠ್ಯಗಳು ಮೂಲೆಯಲ್ಲೆಲ್ಲೋ ಹೇಳುತ್ತವೆ. ತೆಗೆದ ತುಣುಕು ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು, 6ರಿಂದ 72 ಗಂಟೆ ಅಲ್ಲಿರಬೇಕು. ತಪ್ಪಿದರೆ ಇರುವ ಗ್ರಾಹಕವೂ ಕಾಣದೆ ಹೋಗಬಹುದು.

ಕಿಮೊ ಬೇಕೇ ಎಂಬುದು ಬೇರೆಯೇ ಪ್ರಶ್ನೆ. ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಆದ ಆರಂಭಿಕ ರೋಗದಲ್ಲಿ 21 ಜೀನ್‌ಗಳ ಆಂಕೊಟೈಪ್ ಪರೀಕ್ಷೆ, ಅಥವಾ ಐದು ಪ್ರೋಟೀನ್‌ಗಳನ್ನು ಅಳೆಯುವ, ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಬ್ರೆಸ್ಟ್, ರೋಗ ಮರುಕಳಿಸುವ ಅಪಾಯವನ್ನು ಅಂದಾಜಿಸಿ ಇದಕ್ಕೆ ಉತ್ತರ ಹುಡುಕಲು ನೆರವಾಗುತ್ತವೆ. ಮರುಕಳಿಸಿದಾಗ ಗ್ರಾಹಕಗಳ ಸ್ಥಿತಿ ಬದಲಾಗಿರಲೂಬಹುದಾದ್ದರಿಂದ, ಸಾಧ್ಯವಾದಲ್ಲೆಲ್ಲ ಹೊಸ ಜಾಗದಿಂದ ಮತ್ತೆ ಬಯಾಪ್ಸಿ ಮಾಡಿ ಮೂರನ್ನೂ ಮೊದಲಿನಿಂದ ಪರೀಕ್ಷಿಸುತ್ತಾರೆ.