ಹಳೆಯ ಬಿ.ಸಿ.-348 ರಿಸೀವರ್ ಮುಂದೆ ಕೂತು ಸೂಪರ್‌ಹೆಟ್ ಓದುವುದು

ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆಗೆ ಓದುವವರೆಲ್ಲ ಸೂಪರ್‌ಹೆಟ್ ರಿಸೀವರಿನ ಬ್ಲಾಕ್ ಡಯಾಗ್ರಾಂ ಬಾಯಿಪಾಠ ಮಾಡುತ್ತೇವೆ. ಆಂಟೆನಾ, ಆರ್‌ಎಫ್ ಆಂಪ್ಲಿಫೈಯರ್, ಮಿಕ್ಸರ್, ಲೋಕಲ್ ಆಸಿಲೇಟರ್, ಐಎಫ್, ಡಿಟೆಕ್ಟರ್, ಆಡಿಯೋ. ಲೋಕಲ್ ಆಸಿಲೇಟರ್ ಸೆಟ್ಟಿನೊಳಗೇ ಹುಟ್ಟಿಸುವ ಅಲೆಯನ್ನು ಮಿಕ್ಸರ್ ಬಂದ ಸಿಗ್ನಲ್ (ಆರ್‌ಎಫ್) ಜೊತೆ ಬೆರೆಸುತ್ತದೆ, ಎರಡರ ವ್ಯತ್ಯಾಸವೇ ಐಎಫ್ ಎಂಬ ನಿಗದಿತ ಆವರ್ತನ, ಅದರಿಂದ ಧ್ವನಿ ತೆಗೆಯುವುದು ಡಿಟೆಕ್ಟರ್. ನನಗೂ ಚೌಕ ಬರೆದು ಬಾಣ ಹಾಕಲು ಬರುತ್ತಿತ್ತು. ಆದರೆ ಯಾವ ಚೌಕ ಹೆಚ್ಚು ಕಡಿಮೆಯಾದರೆ ಕಿವಿಗೆ ಏನು ಕೇಳಿಸುತ್ತದೆ ಎಂದು ಯಾರಾದರೂ ಕೇಳಿದ್ದರೆ ಸುಮ್ಮನೆ ಕೂರುತ್ತಿದ್ದೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಒಂದು ಬಿ.ಸಿ.-348 ಬಂದ ಮೇಲೆ ಅದು ಬದಲಾಯಿತು. ಹೊಸ ಸೆಟ್‌ಗಳಲ್ಲಿ ಒಳಗೇ ಮುಗಿದುಹೋಗುವ ಕೆಲಸಗಳನ್ನು ಈ ಸೆಟ್ಟಿನಲ್ಲಿ ನಾವೇ ಕೈಯಿಂದ ಮಾಡಬೇಕು. ಹಾಗಾಗಿ ಡಯಾಗ್ರಾಮಿನ ಒಂದೊಂದು ಚೌಕವನ್ನು ಮುಟ್ಟಿ ನೋಡಿದಂತಾಗುತ್ತದೆ. ಜೊತೆಗೆ ಓದುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆದಿಟ್ಟ ಟಿಪ್ಪಣಿ ಇದು.

ಸೆಟ್ಟಿನ ಬಗ್ಗೆ ಎರಡು ಮಾತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17, ಬಿ-24, ಬಿ-29 ಬಾಂಬರ್ ವಿಮಾನಗಳಲ್ಲಿ ಇದ್ದ ರಿಸೀವರ್ ಇದು. ಯುದ್ಧ ಮುಗಿದ ಮೇಲೆ ಡಿಸ್ಪೋಜಲ್ ಮಾಲಾಗಿ ಮಾರಾಟವಾಗಿ ಹ್ಯಾಮ್‌ಗಳ ಕೈ ಸೇರಿತು. ಎಂಟು ವಾಲ್ವ್, ಮಿಕ್ಸರಿಗಿಂತ ಮೊದಲು ಎರಡು ಆರ್‌ಎಫ್ ಹಂತ, 915 ಕಿಲೋಹರ್ಟ್ಸ್ ಐಎಫ್. ವಿಮಾನದ 28 ವೋಲ್ಟ್‌ನಿಂದ ಎಚ್‌ಟಿ (ವಾಲ್ವ್‌ಗಳಿಗೆ ಬೇಕಾದ ಹೈ ವೋಲ್ಟೇಜ್) ಹುಟ್ಟಿಸಲು ಒಳಗೆ ಒಂದು ಡೈನಮೋಟರ್ ತಿರುಗುತ್ತಿತ್ತು. ನನಗೆ ಸಿಕ್ಕ ಸೆಟ್ಟಿನಲ್ಲಿ ಯಾರೋ ಅದನ್ನು ತೆಗೆದು, ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿ 230 ವೋಲ್ಟ್‌ಗೆ ಹೊಂದಿಸಿದ್ದರು.

ಸೆಟ್ ಕೊಟ್ಟವರು ಹುಬ್ಬಳ್ಳಿಯ ಹಿರಿಯ ಹ್ಯಾಮ್ ಒಬ್ಬರು, ನಮಗೆಲ್ಲ ಕಾಕಾ. ಕೊಡುವಾಗ ಅವರು ಹೇಳಿದ್ದು ಇಷ್ಟೇ: "ತಮ್ಮಾ, ಪ್ಲಗ್ ಹಾಕೂಕಿಂತ ಮೊದಲ ಬಲ್ಬ್ ಹಾಕು."

ಮೊದಲ ಸಲ ಹಚ್ಚುವಾಗ

ಅವರು ಹೇಳಿದ್ದು ಸೀರೀಸ್ ಬಲ್ಬ್. ವರ್ಷಗಟ್ಟಲೆ ಸುಮ್ಮನಿದ್ದ ವಾಲ್ವ್ ಸೆಟ್ಟನ್ನು ನೇರವಾಗಿ ಮೇನ್ಸ್‌ಗೆ ಕೊಡಬಾರದು. ಫೇಸ್ ವೈರಿನಲ್ಲಿ 100 ವಾಟ್‌ನ ಫಿಲಮೆಂಟ್ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಹಾಕಬೇಕು. ಎಲ್‌ಇಡಿ ಬಲ್ಬ್ ಇದಕ್ಕೆ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಝಗ್ ಎಂದು ಹತ್ತಿ ಮಂಕಾದರೆ ಸರಿ. ಪೂರ್ತಿ ಬೆಳಕಿನಲ್ಲೇ ಉಳಿದರೆ ಎಲ್ಲೋ ಶಾರ್ಟ್ ಇದೆ, ಬಂದ್ ಮಾಡಿ ಹುಡುಕಿ.

ನನ್ನ ಬಲ್ಬ್ ಮಂಕಾಯಿತು. ಧೈರ್ಯ ಬಂದು ಬಲ್ಬ್ ತೆಗೆದು ನೇರವಾಗಿ ಹಚ್ಚಿದೆ. ಅರ್ಧ ಗಂಟೆಗೆ ಬಿಸಿ ಅರಗಿನ ವಾಸನೆ ಶುರುವಾಯಿತು. ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ವಾಲ್ವಿನ ಕರೆಂಟ್ ಹಿಡಿತದಲ್ಲಿಡುವ ಜಾಲರಿ) ಮೀಟರ್ ಹಿಡಿದರೆ ಚಾಸಿಗಿಂತ 9 ವೋಲ್ಟ್ ಪ್ಲಸ್. ಅಲ್ಲಿ ಸೊನ್ನೆ ಇರಬೇಕು ಅಥವಾ ಮೈನಸ್ ಇರಬೇಕು, ಪ್ಲಸ್ ಇರಲೇಬಾರದು. ಹಿಂದಿನ ಹಂತದಿಂದ ಈ ಗ್ರಿಡ್‌ಗೆ ಧ್ವನಿ ದಾಟಿಸುವ ಕಾಗದದ ಕೆಪಾಸಿಟರ್ ವಯಸ್ಸಾಗಿ ಸೋರುತ್ತಿತ್ತು. ಡಿಸಿ ತಡೆಯುವುದೇ ಅದರ ಕೆಲಸ, ಅದನ್ನೇ ಬಿಟ್ಟುಕೊಟ್ಟಿತ್ತು. ಗ್ರಿಡ್ ಪ್ಲಸ್ ಆದರೆ ಪ್ಲೇಟ್ ಕರೆಂಟ್ ಏರುತ್ತದೆ, ವಾಲ್ವ್ ಬಿಸಿಯಾಗುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಷ್ಟೇ ಕೆಪಾಸಿಟೆನ್ಸ್ ಇರುವ 630 ವೋಲ್ಟ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಬೆಸೆದ ಮೇಲೆ ಗ್ರಿಡ್ ಸೊನ್ನೆಗೆ ಇಳಿಯಿತು. ವಾಸನೆಯೂ ನಿಂತಿತು. ಪರೀಕ್ಷೆಯಲ್ಲಿ "ಕಪ್ಲಿಂಗ್ ಕೆಪಾಸಿಟರಿನ ಕೆಲಸವೇನು" ಎಂದು ಕೇಳಿದರೆ ನನಗೆ ಈಗಲೂ ಮೊದಲು ಆ ವಾಸನೆಯೇ ನೆನಪಾಗುತ್ತದೆ.

ಒಂದು ಎಚ್ಚರಿಕೆ. ಎಚ್‌ಟಿ 200 ವೋಲ್ಟ್ ದಾಟಿರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಸೆಟ್ ಹಚ್ಚಿ ಅಳೆಯಲೇಬೇಕಾದಾಗ ಒಂದು ಕೈ ಜೇಬಿನಲ್ಲಿರಲಿ.

ಧಾರವಾಡ ಕೇಂದ್ರ ಕೇಳಿಸದ ರೇಡಿಯೋ

ಸೆಟ್ ಸರಿಯಾಯಿತು ಎಂದಾಗ ಅಮ್ಮ ಕೇಳಿದ್ದು ಆಕಾಶವಾಣಿ ಧಾರವಾಡ ಹಚ್ಚು ಎಂದು. 1950ರಿಂದ ನಮ್ಮೂರಿನಲ್ಲಿರುವ ಕೇಂದ್ರ ಅದು. 765 ಕಿಲೋಹರ್ಟ್ಸ್, 200 ಕಿಲೋವಾಟ್. ಆದರೆ ಬಿ.ಸಿ.-348ರ ಡಯಲ್ಲಿನಲ್ಲಿ 765 ಇಲ್ಲವೇ ಇಲ್ಲ. ಮೊದಲ ಬ್ಯಾಂಡ್ 200ರಿಂದ 500 ಕಿಲೋಹರ್ಟ್ಸ್. ಎರಡನೆಯದು 1.5 ಮೆಗಾಹರ್ಟ್ಸ್‌ನಿಂದ ಶುರು. ಆಮೇಲೆ 3.5, 6, 9.5, 13.5 ಹೀಗೆ ಹತ್ತಿ ಆರನೇ ಬ್ಯಾಂಡ್ 18ಕ್ಕೆ ಮುಗಿಯುತ್ತದೆ. ನಡುವೆ ಬಿಟ್ಟ ಜಾಗದಲ್ಲೇ 915 ಕೂತಿದೆ. ಸೂಪರ್‌ಹೆಟ್ ತನ್ನದೇ ಐಎಫ್ ಮೇಲೆ ಬರುವ ಸಿಗ್ನಲ್ ಹಿಡಿಯಲು ಹೋದರೆ ಅದು ಮಿಕ್ಸರ್ ದಾಟಿ ನೇರವಾಗಿ ನುಗ್ಗುತ್ತದೆ, ಟ್ಯೂನ್ ಮಾಡುವುದಕ್ಕೆ ಅರ್ಥವೇ ಇರುವುದಿಲ್ಲ.

ಆದರೂ ಅಮ್ಮನಿಗೆ ಧಾರವಾಡ ಕೇಳಿಸಿದೆ! ಎರಡನೇ ಬ್ಯಾಂಡಿನ ತುದಿಯಲ್ಲಿ, 1530ರ ಹತ್ತಿರ, ಸ್ವಲ್ಪ ಒಡೆದ ದನಿಯಲ್ಲಿ. 765ರ ಎರಡರಷ್ಟು 1530. ಅಷ್ಟು ದೊಡ್ಡ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಇದ್ದು ಆಂಟೆನಾ ಉದ್ದವಾಗಿದ್ದರೆ ಮೊದಲ ವಾಲ್ವ್ ಅತಿಭಾರಕ್ಕೆ ಸಿಕ್ಕಿ ತಾನೇ ಹಾರ್ಮೋನಿಕ್ (ಮೂಲ ಆವರ್ತನದ ಎರಡರಷ್ಟು, ಮೂರರಷ್ಟು ಇರುವ ಸಿಗ್ನಲ್) ಹುಟ್ಟಿಸುತ್ತದೆ. ಆಂಟೆನಾ ವೈರು ತೆಗೆದು ಎರಡು ಅಡಿಯ ತುಂಡು ಹಾಕಿದೆ, 1530ರ ಧಾರವಾಡ ಮಾಯವಾಯಿತು. ಪ್ರಸಾರದಲ್ಲೇ ಇರುವ ಹಾರ್ಮೋನಿಕ್ ಯಾವುದು, ನಮ್ಮ ರಿಸೀವರಿನಲ್ಲೇ ಹುಟ್ಟಿದ್ದು ಯಾವುದು ಎಂದು ತಿಳಿಯುವ ಸುಲಭ ದಾರಿ ಇದು: ಸಿಗ್ನಲ್ ಸ್ವಲ್ಪ ಇಳಿಸಿದರೆ ಒಳಗೆ ಹುಟ್ಟಿದ್ದು ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ.

ಇಮೇಜ್: 455 ಮತ್ತು 915

ಇದು ಪರೀಕ್ಷೆಗೆ ಬಂದೇ ಬರುವ ವಿಷಯ, ಲೆಕ್ಕವೂ ಚಿಕ್ಕದು. ಲೋಕಲ್ ಆಸಿಲೇಟರ್ ಸಿಗ್ನಲ್‌ಗಿಂತ ಮೇಲಿದ್ದರೆ ಇಮೇಜ್ (ಬೇಡದಿದ್ದರೂ ಅದೇ ಐಎಫ್ ಕೊಟ್ಟು ನುಗ್ಗುವ ಇನ್ನೊಂದು ಆವರ್ತನ) ಸಿಗ್ನಲ್‌ಗಿಂತ ಐಎಫ್‌ನ ಎರಡರಷ್ಟು ಮೇಲೆ ಇರುತ್ತದೆ. ಮನೆಬಳಕೆಯ ವಾಲ್ವ್ ರೇಡಿಯೋಗಳ ಐಎಫ್ ಸಾಮಾನ್ಯವಾಗಿ 455ರ ಆಸುಪಾಸು. ಅಂಥದ್ದರಲ್ಲಿ 14.200 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಇಮೇಜ್ 14.200 ಕೂಡಿಸು 0.910, ಅಂದರೆ 15.110. ಅದು 19 ಮೀಟರಿನ ಪ್ರಸಾರ ಬ್ಯಾಂಡ್. ಹ್ಯಾಮ್‌ಗಳು ಮಾತಾಡುವ ಜಾಗದಲ್ಲಿ ಯಾವುದೋ ದೇಶದ ವಾರ್ತೆ ಕೇಳಿಸುವುದು ಇದೇ ಕಾರಣಕ್ಕೆ. 915ರ ಸೆಟ್ಟಿನಲ್ಲಿ ಇಮೇಜ್ 16.030ಕ್ಕೆ ಹೋಗುತ್ತದೆ, ಪ್ರಸಾರ ಬ್ಯಾಂಡಿನಿಂದ ಆಚೆ. ಅಷ್ಟು ದೂರದಲ್ಲಿರುವುದನ್ನು ಎರಡು ಆರ್‌ಎಫ್ ಹಂತಗಳ ಸುರುಳಿಗಳು ಚೆನ್ನಾಗಿ ತಡೆಯುತ್ತವೆ. ನಾನು ಅಜ್ಜನ ಕಾಲದ ರೇಡಿಯೋ ಮತ್ತು ಇದನ್ನು ಪಕ್ಕಪಕ್ಕ ಇಟ್ಟು ಕೇಳಿದ್ದೇನೆ. ನಿಮಗೂ ಅವಕಾಶ ಸಿಕ್ಕರೆ ಬಿಡಬೇಡಿ.

ಎಸ್‌ಎಸ್‌ಬಿ ಬಾತುಕೋಳಿ ಮಾತಾಗುವುದೇಕೆ

ನಾನು ಹೆಚ್ಚು ದಿನ ಒದ್ದಾಡಿದ್ದು ಇಲ್ಲಿ. 40 ಮೀಟರ್, ಅಂದರೆ ನಮಗಿರುವ 7000ದಿಂದ 7200 ಕಿಲೋಹರ್ಟ್ಸ್, ನಾಲ್ಕನೇ ಬ್ಯಾಂಡಿನಲ್ಲಿ ಬರುತ್ತದೆ. ಬೆಳಿಗ್ಗೆ ಬೆಂಗಳೂರು, ಪುಣೆ, ಹೈದರಾಬಾದ್ ಕಡೆಯವರು ಅಲ್ಲಿ ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಮಾತಿನ ಒಂದೇ ಬದಿಯ ಪಟ್ಟಿಯನ್ನು ಕಳಿಸುವ ವಿಧಾನ) ಮಾತಾಡುತ್ತಾರೆ. ಬಿಎಫ್‌ಓ (ಐಎಫ್ ಹತ್ತಿರದ ಅಲೆ ಹುಟ್ಟಿಸುವ ಇನ್ನೊಂದು ಆಸಿಲೇಟರ್) ಹಚ್ಚಿದೆ, ತಿರುಗಿಸಿದೆ, ಮಾತು ಬಿಡಿಸಿಕೊಳ್ಳಲೇ ಇಲ್ಲ. ಸಿಗ್ನಲ್ ಜೋರಾದಷ್ಟೂ ಇನ್ನಷ್ಟು ಕಲಸುಮೇಲೋಗರ. ಫೋನ್ ಮಾಡಿದರೆ ಕಾಕಾ ನಕ್ಕು ಹೇಳಿದರು: "ಎವಿಸಿ ತಗದ ಎಂವಿಸಿಗೆ ಹಾಕು. ನಾಬ್ ಪೂರ್ತಿ ಇಳಸು. ಆಮ್ಯಾಲ ಬಿಎಫ್‌ಓ ಮುಟ್ಟು."

ಎವಿಸಿ ಎಂದರೆ ಸೆಟ್ ತಾನೇ ಗೇನ್ (ವರ್ಧನೆ) ಹೊಂದಿಸುವ ಸ್ಥಾನ, ಎಂವಿಸಿ ಎಂದರೆ ನಾವು ಕೈಯಿಂದ ಹೊಂದಿಸುವ ಸ್ಥಾನ. ಹಾಗೆ ಮಾಡಿದ ಕೂಡಲೇ ದನಿ ಬಿಡಿಸಿಕೊಂಡಿತು. ಯಾಕೆ ಎನ್ನುವುದೇ ಪಾಠ. ಎಸ್‌ಎಸ್‌ಬಿಯಲ್ಲಿ ಕ್ಯಾರಿಯರ್ (ಮಾತನ್ನು ಹೊರುವ ಮೂಲ ಅಲೆ) ಕಳಿಸುವುದಿಲ್ಲ, ಅದನ್ನು ನಮ್ಮ ಬಿಎಫ್‌ಓ ಕೊಡಬೇಕು. ಈ ಸೆಟ್ಟಿನ ಡಿಟೆಕ್ಟರ್ ಬರೀ ಡಯೋಡ್, ಬಂದ ಅಲೆಯ ಏರಿಳಿತವನ್ನಷ್ಟೇ ಹಿಂಬಾಲಿಸುತ್ತದೆ. ಏರಿಳಿತ ಸರಿಯಾಗಿ ಮಾತಿನ ಆಕಾರ ಪಡೆಯಬೇಕಾದರೆ ಬಿಎಫ್‌ಓ ಸಿಗ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದಿರಬೇಕು. ಇದರ ಬಿಎಫ್‌ಓ ಮೋರ್ಸ್‌ಗಾಗಿ ಮಾಡಿದ್ದು, ಶಕ್ತಿ ಕಡಿಮೆ. ಅದನ್ನು ದೊಡ್ಡದು ಮಾಡಲಾಗದು, ಸಿಗ್ನಲ್ಲನ್ನು ಚಿಕ್ಕದು ಮಾಡಬಹುದು. ಎಂವಿಸಿ ಸ್ಥಾನದಲ್ಲಿ ವಾಲ್ಯೂಮ್ ನಾಬ್ ತಿರುಗಿಸುವುದು ಆಡಿಯೋವನ್ನಲ್ಲ, ಡಿಟೆಕ್ಟರಿಗೆ ಮುಂಚಿನ ಹಂತಗಳ ಗೇನ್ ಅನ್ನು. ಆಡಿಯೋ ಪೂರ್ತಿ ತೆರೆದೇ ಇರುತ್ತದೆ. ಎವಿಸಿಯಲ್ಲಿ ಅದೇ ನಾಬ್ ಬರೀ ಆಡಿಯೋ ಇಳಿಸುತ್ತಿತ್ತು, ಡಯೋಡ್ ಮಾತ್ರ ಮೊದಲಿನಂತೆಯೇ ಮುಳುಗಿರುತ್ತಿತ್ತು.

ಇನ್ನೊಂದು ಸೂಕ್ಷ್ಮ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಹ್ಯಾಮ್‌ಗಳು ಲೋವರ್ ಸೈಡ್‌ಬ್ಯಾಂಡ್ (ಕ್ಯಾರಿಯರಿಗಿಂತ ಕೆಳಗಿನ ಪಟ್ಟಿ) ಬಳಸುವ ರೂಢಿ. 7.100ಕ್ಕೆ ಲೋಕಲ್ ಆಸಿಲೇಟರ್ 8.015. ಮಾತಿನ ಒಂದು ಭಾಗ 7.0985ರಲ್ಲಿದ್ದರೆ ಐಎಫ್‌ನಲ್ಲಿ ಅದು 8.015 ಕಳೆ 7.0985, ಅಂದರೆ 916.5 ಕಿಲೋಹರ್ಟ್ಸ್. ಕೆಳಗಿದ್ದದ್ದು ಮೇಲಾಯಿತು! ಆಸಿಲೇಟರ್ ಮೇಲಿದ್ದರೆ ಸೈಡ್‌ಬ್ಯಾಂಡ್ ತಿರುವುಮುರುವಾಗುತ್ತದೆ. ಹಾಗಾಗಿ ಬಿಎಫ್‌ಓವನ್ನು ಐಎಫ್ ನಡುವಿಗಿಂತ ಸುಮಾರು ಒಂದೂವರೆ ಕಿಲೋಹರ್ಟ್ಸ್ ಕೆಳಗಿಟ್ಟರೆ ಮಾತು ಫಿಲ್ಟರಿನ ನಡುವೆ ಬರುತ್ತದೆ. ನಾನು ಕಿವಿಯಿಂದ ಆ ಜಾಗ ಹುಡುಕಿ ನಾಬ್ ಪಕ್ಕ ಪೆನ್ಸಿಲ್ ಗೆರೆ ಹಾಕಿಟ್ಟಿದ್ದೇನೆ. ಬಹಳ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ಕ್ರಿಸ್ಟಲ್ ಫಿಲ್ಟರ್ ಮೋರ್ಸ್‌ಗೆ ಚಂದ. ಮಾತಿಗೆ ಹಾಕಿದರೆ ಕೊಡದೊಳಗಿಂದ ಮಾತಾಡಿದಂತೆ ಕೇಳಿಸುತ್ತದೆ.

ಡಯಲ್ಲಿಗೆ ಗುರುತು

ಡಯಲ್ ನಂಬುವಂತಿಲ್ಲ. ರಾತ್ರಿ 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಸಮಯ ಕೇಂದ್ರದ ಟಿಕ್ ಟಿಕ್ ಹಿಡಿದರೆ ಐದನೇ ಬ್ಯಾಂಡಿನ ತಪ್ಪು ಗೊತ್ತಾಗುತ್ತದೆ. ಆದರೆ ಬ್ಯಾಂಡ್ ಬದಲಾದರೆ ಸುರುಳಿಗಳು ಬದಲಾಗುತ್ತವೆ, ತಪ್ಪೂ ಬದಲಾಗುತ್ತದೆ. ಅದಕ್ಕೆ 3.579545 ಮೆಗಾಹರ್ಟ್ಸ್‌ನ ಅಗ್ಗದ ಕ್ರಿಸ್ಟಲ್ ತಂದು, ಒಂದೇ ಟ್ರಾನ್ಸಿಸ್ಟರಿನ ಆಸಿಲೇಟರ್ ಮಾಡಿ ಸೆಟ್ಟಿನ ಪಕ್ಕ ಇಟ್ಟುಕೊಂಡೆ. ಅದರ ಎರಡರಷ್ಟು 7.159, ನಾಲ್ಕರಷ್ಟು 14.318. ಎರಡೂ ಹ್ಯಾಮ್ ಬ್ಯಾಂಡ್ ಒಳಗೇ ಬೀಳುತ್ತವೆ. ಹಾರ್ಮೋನಿಕ್ ಒಳ್ಳೆಯ ಕೆಲಸಕ್ಕೂ ಬರುತ್ತದೆ.

ಸೆಟ್ ಹಚ್ಚಿ ಮುಕ್ಕಾಲು ಗಂಟೆಯಾದರೂ ಕಾಯಿರಿ, ಆಮೇಲೆ ಅಳೆಯಿರಿ. ಅಲ್ಲಿಯವರೆಗೆ ಆಸಿಲೇಟರ್ ಸರಿಯುತ್ತಲೇ ಇರುತ್ತದೆ. ಓಣಿಗೆ ನೀರು ಬಿಟ್ಟ ದಿನವಂತೂ ಅಳತೆ ಬೇಡವೇ ಬೇಡ. ಎಲ್ಲರ ಮನೆಯ ಮೋಟಾರ್ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಇಳಿಯುತ್ತದೆ, ಅದರೊಟ್ಟಿಗೆ ಬಿಎಫ್‌ಓದ ಶ್ರುತಿಯೂ ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ವೋಲ್ಟೇಜ್ ರೆಗ್ಯುಲೇಶನ್ ಅಧ್ಯಾಯವನ್ನು ನಾನು ಅಂಥ ಬೆಳಿಗ್ಗೆಯೇ ಕೂತು ಓದಿದ್ದು.

ಆಂಟೆನಾ

ಕೇಳುವುದಕ್ಕೆ ದೊಡ್ಡ ಏರ್ಪಾಡು ಬೇಡ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ 20 ಮೀಟರ್ ತಾಮ್ರದ ವೈರನ್ನು ಮಾಳಿಗೆಯಿಂದ ತೆಂಗಿನ ಮರಕ್ಕೆ ಎಳೆದಿದ್ದೇನೆ. ವಿಮಾನದ ಸಾದಾ ವೈರಿಗೆಂದು ಮಾಡಿದ ಇನ್‌ಪುಟ್ ಆದ್ದರಿಂದ ಇದು ಚೆನ್ನಾಗಿ ಹೊಂದುತ್ತದೆ. ಬ್ಯಾಂಡ್ ಬದಲಿಸಿದಾಗಲೆಲ್ಲ ಆಂಟೆನಾ ಅಲೈನ್ ನಾಬ್ ತಿರುಗಿಸಿ ಸದ್ದು ಹೆಚ್ಚಾಗುವಲ್ಲಿ ನಿಲ್ಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ ಬರುವ ಮುನ್ನ ಸಂಜೆಯ 40 ಮೀಟರ್‌ನಲ್ಲಿ ಚರ್ ಚರ್ ಎಂಬ ಸದ್ದು ಹೆಚ್ಚುತ್ತದೆ. ಅದು ದೂರದ ಮಿಂಚು. ಗುಡುಗು ಕಿವಿಗೆ ಬೀಳುವ ತನಕ ಕಾಯದೆ ಆಗಲೇ ವೈರು ಬಿಚ್ಚಿ ಕಿಟಕಿಯ ಹೊರಗೆ ಬಿಡಿ.