ಆ ಬಕೆಟ್ಟಿನ ಮಾತು ಬಿಡಿ

ಗರ್ಭಪಾತವಾದ ಹೆಂಗಸಿನ ಸುತ್ತ ಮನೆಯವರೆಲ್ಲ ನಿಂತಿರುತ್ತಾರೆ. ಎಲ್ಲರ ಬಾಯಲ್ಲೂ ಪ್ರಶ್ನೆಗಳೇ. ‘ಭಾರ ಏನಾದ್ರೂ ಎತ್ತಿದ್ಯಾ?’ ‘ಮೆಟ್ಟಿಲು ಜಾಸ್ತಿ ಹತ್ತಿದ್ಯಾ?’ ‘ಕೆಲಸಕ್ಕೆ ಹೋಗ್ಬೇಡ ಅಂದಿದ್ವಲ್ಲ?’ ಕೇಳುವವರ ಮನಸ್ಸು ಕೆಟ್ಟದ್ದಲ್ಲ, ಗೊತ್ತು. ಆದರೂ ನನಗೆ ಸಿಟ್ಟು ಬರುತ್ತದೆ.

ಗರ್ಭ ನಿಂತಿದೆ ಎಂದು ಗೊತ್ತಾದ ಮೇಲೂ ನೂರರಲ್ಲಿ ಸುಮಾರು 10ರಿಂದ 20 ಉಳಿಯುವುದಿಲ್ಲ. ಹೆಚ್ಚಿನವು ಮೊದಲ 12 ವಾರಗಳಲ್ಲೇ ಹೋಗುತ್ತವೆ. ಹಾಗೆ ಹೋದವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದಲ್ಲಿ ವಂಶದ ಗುಣಗಳನ್ನು ಹೊತ್ತಿರುವ ಎಳೆಗಳ, ಏರುಪೇರು. ಅದು ಬಹುತೇಕ ಅಂಡಾಣು, ವೀರ್ಯಾಣು ಸೇರುವ ಹೊತ್ತಿಗೇ ಆಗಿಹೋಗಿರುತ್ತದೆ. ಇನ್ನೊಂದು ವಿಷಯ. ರಕ್ತ ಕಾಣಿಸಿದ ದಿನವೇ ಭ್ರೂಣಕ್ಕೆ ತೊಂದರೆ ಆಯಿತು ಅಂತಲ್ಲ. ಎಷ್ಟೋ ಸಲ ಅದರ ಬೆಳವಣಿಗೆ ನಿಂತು ಒಂದೆರಡು ವಾರವೇ ಕಳೆದಿರುತ್ತದೆ. ಹಾಗಿರುವಾಗ ‘ನಿನ್ನೆ ಏನು ಮಾಡಿದೆ’ ಎಂದು ಕೇಳಿ ಏನು ಸಿಗುತ್ತದೆ?

ಧೂಮಪಾನ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಥೈರಾಯ್ಡ್ ಇಂಥವು ಲೆಕ್ಕಕ್ಕೆ ಬರುತ್ತವೆ, ನಿಜ. ಪದೇ ಪದೇ ಹೀಗಾದರೆ ಪರೀಕ್ಷೆ ಮಾಡಿಸಲೇಬೇಕು. ಅದನ್ನು ವೈದ್ಯರಾದ ನಮಗೆ ಬಿಡಿ.

ಒಬ್ಬ ಅತ್ತೆ ಇದನ್ನೆಲ್ಲ ಗಮನವಿಟ್ಟು ಕೇಳಿದರು, ತಲೆ ಆಡಿಸಿದರು. ಬಾಗಿಲ ತನಕ ಹೋದವರು ತಿರುಗಿ ನಿಂತು, ‘ಆದ್ರೂ ಡಾಕ್ಟ್ರೇ, ಅವತ್ತು ಬಕೆಟ್ ಎತ್ತಿದ್ಳು…’ ಅಂದರು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಗೊತ್ತಾಯಿತು, ಬಕೆಟ್ಟಿನಿಂದ ಹಿಡಿದು ಗಂಡನ ಜೊತೆ ಆಡಿದ ಜಗಳದವರೆಗೆ ಒಂದು ಪಟ್ಟಿಯನ್ನೇ ಅವಳು ಮನಸ್ಸಿನಲ್ಲಿ ಮಾಡಿಕೊಂಡಿದ್ದಳು. ನೀವು ಕೇಳಿದರೆ ಆ ಪಟ್ಟಿಗೆ ಸಹಿ ಹಾಕಿದ ಹಾಗೆ, ಅಲ್ವಾ?

‘ನಿನ್ನ ತಪ್ಪಿಲ್ಲ’ ಎಂದು ಹೇಳಿ. ಒಂದು ಸಲ ಸಾಲದು, ಮರುದಿನವೂ ಹೇಳಿ. ‘ಇನ್ನೊಂದು ಆಗುತ್ತೆ ಬಿಡು’ ಬೇಡ, ಅವಳು ಕಳೆದುಕೊಂಡದ್ದು ಈ ಮಗುವನ್ನು. ಅಳು ಬಂದರೆ ಅಳಲಿ, ಪಕ್ಕದಲ್ಲಿ ಕೂತಿರಿ. ಗಂಡನನ್ನೂ ಯಾರಾದರೂ ಮಾತಾಡಿಸಿ, ಪಾಪ, ಅವನು ಔಷಧಿ ಅಂಗಡಿಗೆ ಓಡಾಡುವುದರಲ್ಲೇ ಇರುತ್ತಾನೆ.

ನಾಲ್ಕೈದು ತಿಂಗಳಲ್ಲಿ ಗರ್ಭ ಹೋದರೆ ಕೆಲವು ದಿನಗಳಲ್ಲಿ ಎದೆಹಾಲು ಬರಬಹುದು. ಇದನ್ನು ಮೊದಲೇ ಹೇಳುವವರು ಕಡಿಮೆ. ಒಬ್ಬಳೇ ಸ್ನಾನದ ಮನೆಯಲ್ಲಿ ಅದನ್ನು ನೋಡಿ ಕುಸಿದುಬಿಡುತ್ತಾಳೆ. ದಯವಿಟ್ಟು ಮುಂಚೆಯೇ ತಿಳಿಸಿ.

ದುಃಖಕ್ಕೆ ನಾನು ಗಡುವು ಹಾಕುವುದಿಲ್ಲ. ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ವೈದ್ಯರಿಗೆ ತೋರಿಸಿ. ‘ಬದುಕೋದೇ ಬೇಡ’ ಅಂದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಬನ್ನಿ, ಒಬ್ಬಳನ್ನೇ ಬಿಡಬೇಡಿ.